ಜೀಪಿನ ಬೆಲ್ಟು ತುಂಡಾದರೆ: ಗುಡ್ಡೆ ದಾರಿಯಲ್ಲಿ ನಿಂತು ಬದಲಿಸುವ ಕ್ರಮ

ಬಾನೆಟ್ಟಿನ ಒಳಗಿಂದ ಚಟ್ ಎಂದು ಒಂದು ಸದ್ದು, ಅದರ ಬೆನ್ನಿಗೇ ಬ್ಯಾಟರಿ ಚಿತ್ರದ ಕೆಂಪು ದೀಪ. ಎಂಜಿನ್ ಮಾತ್ರ ಓಡುತ್ತಲೇ ಇರುತ್ತದೆ. ಹಳೆಯ ಡೀಸೆಲ್ ಜೀಪಿನಲ್ಲಿ ಫ್ಯಾನ್ ಬೆಲ್ಟು ತುಂಡಾದಾಗ ಮೊದಲಿಗೆ ಗೊತ್ತಾಗುವುದು ಇಷ್ಟೇ. ಎಂಜಿನ್ ನಿಲ್ಲುವುದಿಲ್ಲವಾದ್ದರಿಂದಲೇ ಹೆಚ್ಚಿನವರು "ಮನೆ ಮುಟ್ಟಿದ ಮೇಲೆ ನೋಡುವ" ಎಂದು ಗಾಡಿ ಬಿಡುತ್ತಾರೆ. ಮನೆ ಮುಟ್ಟುವ ಹೊತ್ತಿಗೆ ಎಂಜಿನ್ನಿನ ತಲೆಭಾಗದ, ಅಂದರೆ ಹೆಡ್ಡಿನ, ಅಡಿಯ ಗ್ಯಾಸ್ಕೆಟ್ ಸುಟ್ಟಿರುತ್ತದೆ, ಕೆಲವೊಮ್ಮೆ ಹೆಡ್ಡೇ ಬಿರಿದಿರುತ್ತದೆ. ಒಂದು ಬೆಲ್ಟಿನ ಖರ್ಚಿನಲ್ಲಿ ಮುಗಿಯಬೇಕಾದದ್ದು ಎಂಜಿನ್ ಬಿಚ್ಚುವ ಖರ್ಚಾಗುವುದು ಆ ಮೂರು ನಾಲ್ಕು ಕಿಲೋಮೀಟರಿನಲ್ಲಿ.

ನಮ್ಮ ಕಾಸರಗೋಡಿನ ಒಳನಾಡಿನಲ್ಲಿ ಜೀಪು ಮನೆಯ ಒಂದು ಆಳಿನ ಹಾಗೆ. ಎಣ್ಮಕಜೆ, ಬಾಯಾರು, ದೇಲಂಪಾಡಿ, ಬಂದಡ್ಕ, ಪಾಣತ್ತೂರು, ಎಲ್ಲಿ ಹೋದರೂ ಡಾಮರು ಮುಗಿದಲ್ಲಿಂದ ಒಂದು ಮುರಕಲ್ಲಿನ ಚಡಾವು, ಅದರಾಚೆ ಒಂದು ತೋಡು, ಮತ್ತೆ ತೋಟದ ಇಳಿಜಾರು. ಅಡಿಕೆ ಗೋಣಿ, ಗೊಬ್ಬರ, ಮದ್ದು ಬಿಡುವ ಡ್ರಮ್ಮು, ಅಪರಾತ್ರಿಯಲ್ಲಿ ಆಸ್ಪತ್ರೆಗೆ ಹೊರಟವರು, ಎಲ್ಲ ಏರುವುದು ಇದೇ ಗಾಡಿಗೆ. ಫೋನಿನ ಸಿಗ್ನಲ್ಲೂ ಇಲ್ಲದ ತಿರುವಿನಲ್ಲಿ ಮೆಕ್ಯಾನಿಕ್ ಬರುವವರೆಗೆ ಕಾಯುವುದು ಎಲ್ಲ ಸಲ ಆಗುವ ಮಾತಲ್ಲ. ಅದಕ್ಕೇ ಸ್ಟಿಯರಿಂಗ್ ಹಿಡಿಯುವ ಪ್ರತಿಯೊಬ್ಬರಿಗೂ, ಮನೆಯ ಹೆಂಗಸರಿಗೂ ಕಾಲೇಜಿಗೆ ಹೋಗುವ ಮಕ್ಕಳಿಗೂ, ಈ ಒಂದು ಕೆಲಸ ಬರಬೇಕು ಎಂದು ನಾನು ಹೇಳುತ್ತಿರುತ್ತೇನೆ.

ನನಗೆ ಇದು ಗೊತ್ತಾದದ್ದು ಜೋರು ಮಳೆಯ ಆಟಿ ತಿಂಗಳ ಒಂದು ದಿನ. ಪೆರ್ಲದಿಂದ ಸ್ವರ್ಗ ಎಂಬ ಊರಿನ ಕಡೆಗೆ, ಅಡಿಕೆಗೆ ಬಿಡುವ ಬೋರ್ಡೋ ದ್ರಾವಣಕ್ಕೆಂದು 200 ಲೀಟರಿನ ಡ್ರಮ್ಮಿನ ತುಂಬ ನೀರು ಹೇರಿಕೊಂಡು ಹೊರಟಿದ್ದೆ. ಚಡಾವಿನ ಅರ್ಧದಲ್ಲಿ ಬೆಲ್ಟು ಹೋಯಿತು. ಹಿಂದೆ ಅಷ್ಟು ನೀರಿದೆ, ರೇಡಿಯೇಟರಿಗೆ ಸುರಿಯುತ್ತಾ ಹೋದರಾಯಿತು ಎಂದುಕೊಂಡೆ. ತಣಿಸಿ, ತುಂಬಿಸಿ, ಹೊರಟರೆ ಸ್ವಲ್ಪ ದೂರದಲ್ಲೇ ಮತ್ತೆ ಕುದಿ. ಮೂರನೆಯ ಸಲ ನಿಂತಾಗ ಅರ್ಥವಾಯಿತು: ಬೆಲ್ಟು ಓಡಿಸುವ ನೀರಿನ ಪಂಪು ತಿರುಗದಿದ್ದರೆ ರೇಡಿಯೇಟರಿನ ತಣ್ಣೀರು ರೇಡಿಯೇಟರಿನಲ್ಲೇ, ಎಂಜಿನ್ನಿನ ಬಿಸಿನೀರು ಎಂಜಿನ್ನಿನಲ್ಲೇ.

ಬೆಲ್ಟು ನಿಂತರೆ ಏನೇನು ನಿಲ್ಲುತ್ತದೆ

ಹಳೆಯ ಮಹೀಂದ್ರಾ ಡಿಐ ಜೀಪು, ಮೇಜರ್, ಬೊಲೆರೊಗಳ ಎಂಜಿನ್ ಮುಂದೆ ಇರುವುದು 'ವಿ' ಆಕಾರದ ಬೆಲ್ಟು. ಕೆಳಗೆ ಎಂಜಿನ್ ತಿರುಗಿಸುವ ಕ್ರ್ಯಾಂಕ್ ಪುಲ್ಲಿ, ಮೇಲೆ ವಾಟರ್ ಪಂಪು, ಪಕ್ಕದಲ್ಲಿ ಬ್ಯಾಟರಿ ಚಾರ್ಜು ಮಾಡುವ, ನಾವು ಡೈನಮೋ ಎನ್ನುವ ಆಲ್ಟರ್ನೇಟರು, ಈ ಮೂರನ್ನು ಸುತ್ತಿ ಬರುತ್ತದೆ. ಫ್ಯಾನು ಪಂಪಿನ ಮೂತಿಗೇ ಕೂತಿರುವುದರಿಂದ ಬೆಲ್ಟಿನ ಜೊತೆ ನೀರಿನ ಓಡಾಟವೂ ಗಾಳಿಯೂ ಒಟ್ಟಿಗೇ ನಿಲ್ಲುತ್ತವೆ. ಪವರ್ ಸ್ಟಿಯರಿಂಗ್, ಏಸಿ ಇದ್ದರೆ ಅವಕ್ಕೆ ಸಾಮಾನ್ಯವಾಗಿ ಬೇರೆ ಬೆಲ್ಟು.

ಎಲ್ಲಕ್ಕಿಂತ ಮುಖ್ಯವಾದ, ತುಂಬ ಜನರಿಗೆ ಗೊತ್ತಿಲ್ಲದ ಸಂಗತಿ ಬ್ರೇಕಿನದು. ಇಂಥ ಹಲವು ಡೀಸೆಲ್ ಗಾಡಿಗಳಲ್ಲಿ, ಪೆಡಲನ್ನು ಹಗುರ ಮಾಡುವ ಬ್ರೇಕ್ ಬೂಸ್ಟರಿಗೆ ಬೇಕಾದ, ಗಾಳಿ ಎಳೆದು ತೆಗೆಯುವ ವ್ಯಾಕ್ಯೂಮ್ ಪಂಪು ಆಲ್ಟರ್ನೇಟರಿನ ಬೆನ್ನಿಗೇ ಅಂಟಿಕೊಂಡಿರುತ್ತದೆ. ಬೆಲ್ಟು ಹೋದರೆ ಅದೂ ಹೋಯಿತು. ಬೂಸ್ಟರಿನಲ್ಲಿ ಉಳಿದ ವ್ಯಾಕ್ಯೂಮಿನಿಂದ ಎರಡು ಮೂರು ಸಲ ಪೆಡಲು ಮೆತ್ತಗೆ ಒತ್ತುತ್ತದೆ, ಆಮೇಲೆ ಕಲ್ಲು. ಬ್ರೇಕು ಹಿಡಿಯುತ್ತದೆ, ಆದರೆ ಪೂರ್ತಿ ಮೈಭಾರ ಹಾಕಿ ಒತ್ತಬೇಕು. ಜನ ತುಂಬಿಸಿಕೊಂಡು ಇಳಿಯುವಾಗ ಇದು ಗೊತ್ತಿಲ್ಲದೆ ಇರಬಾರದು. ನಿಮ್ಮ ಗಾಡಿಯಲ್ಲಿ ಹೇಗಿದೆ ಎಂದು ಇವತ್ತೇ ಬಾನೆಟ್ಟು ತೆರೆದು ನೋಡಿ: ಆಲ್ಟರ್ನೇಟರಿನ ಹಿಂಭಾಗದಿಂದ ದಪ್ಪ ರಬ್ಬರ್ ಪೈಪು ಬ್ರೇಕ್ ಬೂಸ್ಟರಿನ ಕಡೆ ಹೋಗಿದ್ದರೆ ಅದೇ. ಕೆಲವು ಎಂಜಿನ್‌ಗಳಲ್ಲಿ ಈ ಪಂಪಿಗೆ ಬೆಲ್ಟಿನ ಸಂಬಂಧ ಇರುವುದಿಲ್ಲ.

ಎಂಜಿನ್ನಿನ ವಾಲ್ವುಗಳನ್ನು ಓಡಿಸುವ ಟೈಮಿಂಗ್ ಬೆಲ್ಟಿನ ಕತೆಯೇ ಬೇರೆ. ಅದು ಮುಚ್ಚಳದ ಒಳಗಿರುತ್ತದೆ, ತುಂಡಾದರೆ ಎಂಜಿನ್ ಆ ಕ್ಷಣವೇ ಸತ್ತುಹೋಗುತ್ತದೆ. ಹಾಗಾದರೆ ಮತ್ತೆ ಸೆಲ್ಫ್ ಹೊಡೆಯಲೇಬೇಡಿ, ವಾಲ್ವು ಪಿಸ್ಟನಿಗೆ ಬಡಿಯಬಹುದು. ಗಾಡಿ ಎಳೆಸಿಕೊಂಡೇ ಹೋಗಬೇಕು. ಹಳೆಯ ಡಿಐ ಎಂಜಿನ್ನಿಗೆ ಟೈಮಿಂಗ್ ಗೇರು ಇರುವುದರಿಂದ ಆ ಹೆದರಿಕೆ ಇಲ್ಲ.

ತುಂಡಾದ ಕೂಡಲೇ

ಸಮತಟ್ಟು ಜಾಗ ಕಣ್ಣಿಗೆ ಕಾಣುವಷ್ಟು ಹತ್ತಿರ ಇದ್ದರೆ ಅಲ್ಲಿಯವರೆಗೆ ಮಾತ್ರ ಹೋಗಿ. ಇಳಿಜಾರಿನಲ್ಲಿದ್ದರೆ ಎಂಜಿನ್ ಬಂದ್ ಮಾಡಿ ನ್ಯೂಟ್ರಲ್‌ನಲ್ಲಿ ಇಳಿಸುವ ಯೋಚನೆಯೇ ಬೇಡ. ಮಣ್ಣಿನ ದಾರಿಯಾದರೆ ಫೋರ್ ವ್ಹೀಲಿನ ಲೋ ಗೇರು, ಅದರಲ್ಲಿ ಫಸ್ಟು ಹಾಕಿದರೆ ಎಂಜಿನ್ನೇ ಗಾಡಿಯನ್ನು ತಡೆಹಿಡಿಯುತ್ತದೆ. ಗೇರು ಹಾಕುವುದು ಗಾಡಿ ನಿಲ್ಲಿಸಿಕೊಂಡೇ.

ನಿಂತ ಮೇಲೆ ಹ್ಯಾಂಡ್‌ಬ್ರೇಕು, ಚಕ್ರಕ್ಕೆ ಹಿಂದೆ ಮುಂದೆ ಕಲ್ಲು. ಬಾನೆಟ್ಟು ತೆರೆದಿಟ್ಟು ಅರ್ಧ ಮುಕ್ಕಾಲು ಗಂಟೆ ಸುಮ್ಮನಿರಿ. ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬೇಡಿ, ಕಾದ ಎಂಜಿನ್ನಿನ ಮೇಲೆ ತಣ್ಣೀರು ಸುರಿಯಬೇಡಿ. ಟೆಂಪರೇಚರ್ ಮುಳ್ಳು ಕೆಳಗೇ ಇದೆ ಎಂಬ ಧೈರ್ಯವೂ ಬೇಡ. ಸೆನ್ಸರಿನ ಸುತ್ತ ನೀರೇ ಇಲ್ಲದಿದ್ದರೆ ಅದು ಸುಳ್ಳು ಹೇಳುತ್ತದೆ.

ಎಂಜಿನ್ ತಣಿಯುವವರೆಗೆ ಮಾಡುವ ಕೆಲಸ ಒಂದಿದೆ: ಹರಿದ ಬೆಲ್ಟಿನ ಚೂರುಗಳನ್ನೆಲ್ಲ ಹುಡುಕಿ ಸೇರಿಸಿಕೊಳ್ಳುವುದು. ಕೆಳಗೆ ಬಿದ್ದದ್ದನ್ನೂ ಬಿಡಬೇಡಿ.

ಹರಿದ ಬೆಲ್ಟನ್ನು ಓದುವುದು

ಬೆಲ್ಟಿನ ಬೆನ್ನ ಮೇಲೆ ಅಳತೆ ಬರೆದಿರುತ್ತದೆ. 'ಎವಿ13' ಎಂದಿದ್ದು ಮುಂದೆ 1025 ಎಂದಿದ್ದರೆ ಮೇಲಿನ ಅಗಲ 13 ಮಿಲಿಮೀಟರು, ಹೊರಸುತ್ತು 1025 ಮಿಲಿಮೀಟರು. '6ಪಿಕೆ1750' ಎಂದರೆ ಆರು ಗೀರಿನ ಪಟ್ಟಿ ಬೆಲ್ಟು, ಉದ್ದ 1750 ಮಿಲಿಮೀಟರು. ಬರಹ ಅಳಿಸಿಹೋಗಿದ್ದರೆ ಚೂರುಗಳನ್ನು ಜೋಡಿಸಿ ಟೇಪಿನಲ್ಲಿ ಅಳೆಯಿರಿ. ಹಳೆಯದು ಸ್ವಲ್ಪ ಎಳೆದುಕೊಂಡಿರುತ್ತದೆ ಎಂಬ ಲೆಕ್ಕ ಇಟ್ಟುಕೊಂಡು, ಅಂಗಡಿಯವರಿಗೆ ಎಂಜಿನ್ನಿನ ಮಾಡೆಲನ್ನೂ ಹೇಳಿ. ಗಾಡಿಯ ಮಾಡೆಲು ಒಂದೇ ಇದ್ದರೂ ಒಳಗಿನ ಎಂಜಿನ್ ಬೇರೆಯಿರಬಹುದು.

ಅಳತೆಗಿಂತ ಮುಖ್ಯ ಅದು ಹೇಗೆ ಹರಿದಿದೆ ಎನ್ನುವುದು. ಒಳಮೈಯಲ್ಲಿ ಉದ್ದಕ್ಕೂ ಸಣ್ಣ ಅಡ್ಡ ಬಿರುಕು ಇದ್ದರೆ ವಯಸ್ಸಾಗಿ ಸತ್ತದ್ದು. ಎರಡು ಬದಿ ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ಲೂಸಾಗಿ ಜಾರಿ ಜಾರಿ ಸುಟ್ಟದ್ದು. ಒಂದೇ ಬದಿ ಸವೆದು ನೂಲು ಬಿಟ್ಟಿದ್ದರೆ ಪುಲ್ಲಿಗಳು ಒಂದೇ ಗೆರೆಯಲ್ಲಿಲ್ಲ. ರಬ್ಬರು ಉಬ್ಬಿ ಮೆತ್ತಗಾಗಿದ್ದರೆ ಎಲ್ಲಿಂದಲೋ ಆಯಿಲು ತೊಟ್ಟಿಕ್ಕುತ್ತಿದೆ. ಬಿರುಕು ಸವೆತ ಏನೂ ಇಲ್ಲದೆ ಚಾಕುವಿನಿಂದ ಕಡಿದಂತೆ ತುಂಡಾಗಿದ್ದರೆ ಕಲ್ಲು ಸಿಕ್ಕಿರಬೇಕು, ಅಥವಾ ಹಾಕುವಾಗಲೇ ಯಾರೋ ಸ್ಕ್ರೂಡ್ರೈವರಿನಲ್ಲಿ ಮೀಟಿ ಒಳಗಿನ ನೂಲು ಕಡಿದಿರಬೇಕು.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಆಟಿಯಲ್ಲಿ ಕೆಟ್ಟು ನಿಂತ ಆ ಜೀಪಿಗೆ ಒಂದು ವರ್ಕ್‌ಶಾಪಿನಲ್ಲಿ ಹೊಸ ಬೆಲ್ಟು ಹಾಕಿಸಿದೆ. ಮೂರನೆಯ ದಿನ ಅದೂ ಹೋಯಿತು. ಸುಟ್ಟ ರಬ್ಬರಿನ ವಾಸನೆ, ಎರಡೂ ಬದಿ ಹೊಳಪು. ಆಲ್ಟರ್ನೇಟರಿನ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿದರೆ ಕರಕರ ಎನ್ನುತ್ತಾ ಅರ್ಧಕ್ಕೆ ಹಿಡಿಯುತ್ತಿತ್ತು. ಬೇರಿಂಗ್ ಹೋಗಿತ್ತು. ಮೊದಲ ದಿನವೇ ಯಾರಾದರೂ ಒಂದು ಸುತ್ತು ತಿರುಗಿಸಿ ನೋಡಿದ್ದರೆ ಎರಡನೆಯ ಬೆಲ್ಟು ಉಳಿಯುತ್ತಿತ್ತು. ಮಳೆಯಲ್ಲಿ ನೆನೆದುಕೊಂಡು ಎರಡನೆಯ ಸಲ ನಿಲ್ಲುವುದೂ ತಪ್ಪುತ್ತಿತ್ತು.

ಹೊಸದು ಹಾಕುವ ಮೊದಲು ಐದು ನಿಮಿಷ

ಕೀ ತೆಗೆದು ಜೇಬಿಗೆ ಹಾಕಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಎಲೆಕ್ಟ್ರಿಕ್ ಫ್ಯಾನಿರುವ ಗಾಡಿಗಳಲ್ಲಿ ಕೀ ತೆಗೆದ ಮೇಲೂ ಫ್ಯಾನು ತಾನಾಗಿ ತಿರುಗಬಹುದು. ಹೆಗಲ ಮೇಲಿನ ಬೈರಾಸು, ಕುತ್ತಿಗೆಯ ಸರ, ಕೈಯ ಬಳೆ, ಉಂಗುರ ತೆಗೆದಿಡಿ. ಮುಂಡು ಉಟ್ಟಿದ್ದರೆ ಬಿಗಿಯಾಗಿ ಎತ್ತಿ ಕಟ್ಟಿ.

ಈಗ ಕ್ರ್ಯಾಂಕ್ ಪುಲ್ಲಿ ಬಿಟ್ಟು ಉಳಿದ ಒಂದೊಂದೇ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ. ಸದ್ದಿಲ್ಲದೆ, ತಡೆಯಿಲ್ಲದೆ ತಿರುಗಬೇಕು. ಫ್ಯಾನಿನ ಎಸಳು ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ, ಕಟಕಟ ಎಂದರೆ ವಾಟರ್ ಪಂಪಿನ ಬೇರಿಂಗ್ ಸವೆದಿದೆ. ಪಂಪಿನ ಹೊಟ್ಟೆಯಡಿ ಒಂದು ಸಣ್ಣ ತೂತು ಇರುತ್ತದೆ. ಅಲ್ಲಿಂದ ಕೂಲೆಂಟ್ ಇಳಿದ ಕಲೆಯಿದ್ದರೆ ಸೀಲು ಹೋಗಿದೆ, ಆ ಪಂಪು ಹೆಚ್ಚು ದಿನ ಬರುವುದಿಲ್ಲ.

ಪುಲ್ಲಿಯ ಕಾಲುವೆಗೆ ಟಾರ್ಚು ಬಿಡಿ. ವಿ ಬೆಲ್ಟು ಹಿಡಿಯುವುದು ಎರಡು ಬದಿಯ ಗೋಡೆಯಲ್ಲಿ, ತಳದಲ್ಲಿ ಅಲ್ಲ. ತಳ ಹೊಳೆಯುತ್ತಿದ್ದರೆ ಪುಲ್ಲಿ ಸವೆದು ಬೆಲ್ಟು ತಳ ಮುಟ್ಟುತ್ತಿದೆ ಎಂದು ಅರ್ಥ. ಎಷ್ಟು ಬಿಗಿ ಮಾಡಿದರೂ ಜಾರುತ್ತದೆ. ನಮ್ಮಲ್ಲಿ ಬೇಸಗೆಯಲ್ಲಿ ಮುರಕಲ್ಲಿನ ಹುಡಿ, ಮಳೆಗಾಲದಲ್ಲಿ ಅದೇ ಹುಡಿಯ ಕೆಸರು ಈ ಕಾಲುವೆಯಲ್ಲಿ ಗಟ್ಟಿ ಕಟ್ಟಿ ಅರದ ಕೆಲಸ ಮಾಡುತ್ತದೆ. ಹಳೆ ಟೂತ್‌ಬ್ರಷ್ಷಿನಿಂದ ಉಜ್ಜಿ, ಒಣ ಬಟ್ಟೆಯಿಂದ ಒರೆಸಿ. ಡೀಸೆಲ್ ಬಟ್ಟೆ ಬೇಡ.

ಕ್ರ್ಯಾಂಕ್ ಪುಲ್ಲಿಯ ಹಿಂದೆ ಹರಿದ ಬೆಲ್ಟಿನ ನೂಲು ಸುತ್ತಿಕೊಂಡಿದೆಯೇ ಎಂದು ತಪ್ಪದೆ ನೋಡಿ. ಅದು ಒಳಗೆ ಹೋಗಿ ಆಯಿಲ್ ಸೀಲನ್ನು ಕೆಡಿಸುತ್ತದೆ. ಇಕ್ಕಳದಲ್ಲಿ ಹಿಡಿದು ಪೂರ್ತಿ ಎಳೆದು ತೆಗೆಯಿರಿ. ಕೊನೆಗೆ ಒಂದು ನೂಲನ್ನು ಕ್ರ್ಯಾಂಕ್ ಪುಲ್ಲಿಯ ಮುಖದಿಂದ ಆಲ್ಟರ್ನೇಟರ್ ಪುಲ್ಲಿಯ ಮುಖಕ್ಕೆ ಬಿಗಿಯಾಗಿ ಹಿಡಿದು ನೋಡಿ, ಕಾಲುವೆಗಳು ಒಂದೇ ನೇರದಲ್ಲಿವೆಯೇ ಎಂದು ಕಣ್ಣಿಗೇ ಗೊತ್ತಾಗುತ್ತದೆ.

ವಿ ಬೆಲ್ಟು ಹಾಕುವುದು

ಆಲ್ಟರ್ನೇಟರಿಗೆ ಸಾಮಾನ್ಯವಾಗಿ ಎರಡು ಕಡೆ ಹಿಡಿತ: ಕೆಳಗೆ ಅದು ತಿರುಗುವ ಉದ್ದ ಬೋಲ್ಟು, ಮೇಲೆ ಉದ್ದ ತೂತಿನ ಪಟ್ಟಿಯಲ್ಲಿ ಒಂದು ಬೋಲ್ಟು. ಎರಡನ್ನೂ ಲೂಸು ಮಾಡಿ, ಪೂರ್ತಿ ಕಳಚಬೇಡಿ. ಕೆಳಗಿನದನ್ನು ಮರೆತು ಮೇಲಿನದನ್ನು ಮಾತ್ರ ಬಿಡಿಸಿ ಹೆಣಗುವುದು ಎಲ್ಲರೂ ಒಮ್ಮೆ ಮಾಡುವ ತಪ್ಪು. ಈಗ ಆಲ್ಟರ್ನೇಟರನ್ನು ಎಂಜಿನ್ನಿನ ಕಡೆ ಪೂರ್ತಿ ಒತ್ತಿ. ಮುಂದೆ ಪವರ್ ಸ್ಟಿಯರಿಂಗಿನ ಬೆಲ್ಟು ಅಡ್ಡವಿದ್ದರೆ ಅದನ್ನು ಮೊದಲು ತೆಗೆಯಬೇಕಾಗುತ್ತದೆ.

ಮುಂದಿನದು ತಾಳ್ಮೆಯ ಕೆಲಸ. ಫ್ಯಾನಿಗೂ ಅದರ ಸುತ್ತಿನ ಕವಚಕ್ಕೂ ನಡುವೆ ಇರುವುದು ಬೆರಳು ತೂರುವಷ್ಟು ಜಾಗ. ಬೆಲ್ಟಿನ ಒಂದು ತುದಿಯನ್ನು ಮೇಲಿನ ಎಸಳಿನ ಹಿಂದಕ್ಕೆ ದಾಟಿಸಿ, ಫ್ಯಾನನ್ನು ಕೈಯಲ್ಲಿ ಸ್ವಲ್ಪ ತಿರುಗಿಸಿ, ಮುಂದಿನ ಎಸಳನ್ನು ದಾಟಿಸಿ. ಹೀಗೆ ಒಂದೊಂದೇ ಎಸಳು. ಕೊನೆಯ ಎಸಳು ದಾಟಿದಾಗ ಬೆಲ್ಟು ತಾನಾಗಿ ಪಂಪಿನ ಪುಲ್ಲಿಯ ಮೇಲೆ ಬೀಳುತ್ತದೆ. ರೇಡಿಯೇಟರಿನ ಬದಿಗೆ ಒಂದು ರಟ್ಟು ಅಥವಾ ಅಡಿಕೆ ಹಾಳೆಯ ತುಂಡು ಇಟ್ಟುಕೊಂಡರೆ ಗೆಣ್ಣು ತರಚುವುದೂ ಇಲ್ಲ, ರೇಡಿಯೇಟರಿಗೆ ಸ್ಪ್ಯಾನರು ತಾಗುವುದೂ ಇಲ್ಲ.

ಕ್ರ್ಯಾಂಕ್ ಪುಲ್ಲಿಗೆ ಕೂರಿಸಿ, ಪಂಪಿಗೆ ಕೂರಿಸಿ, ಕೊನೆಗೆ ಆಲ್ಟರ್ನೇಟರಿಗೆ. ಕೈಯಲ್ಲಿ ಏರಬೇಕು. ಏರುವುದಿಲ್ಲವೆಂದರೆ ಆಲ್ಟರ್ನೇಟರು ಇನ್ನೂ ಒಳಗೆ ಬಂದಿಲ್ಲ, ಇಲ್ಲವೇ ಬೆಲ್ಟು ಗಿಡ್ಡ. ಸ್ಕ್ರೂಡ್ರೈವರಿನಲ್ಲಿ ಮೀಟಿ ಏರಿಸಬೇಡಿ. ಸೆಲ್ಫ್ ಹೊಡೆದು ಏರಿಸುವ ಉಪಾಯವನ್ನು ಯಾರಾದರೂ ಹೇಳಿದರೆ ಕೇಳಲೇಬೇಡಿ, ಬೆರಳು ಹೋಗುತ್ತದೆ.

ಬಿಗಿ ಮಾಡುವಾಗ ಒಂದು ಮರದ ರೀಪನ್ನು ಎಂಜಿನ್ ಬ್ಲಾಕಿಗೆ ಊರಿ, ಆಲ್ಟರ್ನೇಟರಿನ ಮುಂಭಾಗದ ದಪ್ಪ ಭಾಗಕ್ಕೆ ತಾಗಿಸಿ ಹೊರಗೆ ಒತ್ತಿ. ಅದರ ನಡುಮೈ ತೆಳು ಅಲ್ಯೂಮಿನಿಯಂ, ಹಿಂದೆ ವ್ಯಾಕ್ಯೂಮ್ ಪಂಪಿನ ಪೈಪುಗಳು, ಅಲ್ಲಿಗೆ ಒತ್ತಡ ಬೀಳಬಾರದು. ಹಾಗೆ ಹಿಡಿದಿರುವಾಗಲೇ ಮೇಲಿನ ಬೋಲ್ಟು ಟೈಟು, ಆಮೇಲೆ ಕೆಳಗಿನದು. ಇಬ್ಬರಿದ್ದರೆ ಸುಲಭ.

ಎಳೆತ ಎಷ್ಟಿರಬೇಕು

ಪುಸ್ತಕದ ಲೆಕ್ಕ ಗಾಡಿಯಿಂದ ಗಾಡಿಗೆ ಸ್ವಲ್ಪ ಬೇರೆ. ನಿಮ್ಮ ಗಾಡಿಯ ಪುಸ್ತಕ ಕೈಯಲ್ಲಿದ್ದರೆ ಅದನ್ನೇ ನೋಡಿ. ಇಲ್ಲದಿದ್ದರೆ, ಎರಡು ಪುಲ್ಲಿಗಳ ನಡುವೆ ಬೆಲ್ಟು ಅತಿ ಉದ್ದಕ್ಕೆ ಇರುವ ಕಡೆ, ಸರಿಯಾಗಿ ನಡುವಿಗೆ ಹೆಬ್ಬೆರಳಿನಿಂದ ಸುಮಾರು 10 ಕಿಲೋ ಭಾರದಷ್ಟು ಒತ್ತಿದರೆ 10ರಿಂದ 15 ಮಿಲಿಮೀಟರು ತಗ್ಗಬೇಕು. 10 ಕಿಲೋ ಎಂದರೆ ಎಷ್ಟು ಎಂದು ಬೆರಳಿಗೆ ಗೊತ್ತಾಗಬೇಕಾದರೆ ಮನೆಯಲ್ಲಿ ಅಡಿಕೆ ತೂಗುವ ತಕ್ಕಡಿಯ ಮೇಲೆ ಹೆಬ್ಬೆರಳು ಊರಿ, 10 ತೋರಿಸುವವರೆಗೆ ಒತ್ತಿ ನೋಡಿ. ನಾಲ್ಕೈದು ಸಲ ಮಾಡಿದರೆ ಬೆರಳು ಮರೆಯುವುದಿಲ್ಲ. ನಾವು ಅಂದುಕೊಂಡದ್ದಕ್ಕಿಂತ ಅದು ಜಾಸ್ತಿಯೇ.

ಬಿಗಿ ಇದ್ದಷ್ಟೂ ಒಳ್ಳೆಯದು ಎಂಬುದು ತಪ್ಪು ತಿಳುವಳಿಕೆ. ತಂತಿಯ ಹಾಗೆ ಬಿಗಿದರೆ ಪಂಪಿನ, ಆಲ್ಟರ್ನೇಟರಿನ ಬೇರಿಂಗು ಬೇಗ ಹೋಗುತ್ತದೆ. ಲೂಸಾದರೆ ಬೆಳಿಗ್ಗೆ ಸ್ಟಾರ್ಟು ಮಾಡಿದ ಕೂಡಲೇ ಕೀಯ್ ಎಂದು ಕೂಗುತ್ತದೆ. ಆ ಕೂಗಿಗೆ ಸೋಪು ಉಜ್ಜುವುದು, ಮೇಣ ಹಚ್ಚುವುದು ನಮ್ಮಲ್ಲಿ ರೂಢಿ. ಸದ್ದು ಅಡಗುತ್ತದೆ, ಜಾರುವುದು ನಿಲ್ಲುವುದಿಲ್ಲ, ಮೇಲೆ ಹುಡಿ ಅಂಟಿ ಬೆಲ್ಟು ಇನ್ನೂ ಬೇಗ ಸವೆಯುತ್ತದೆ.

ಪಟ್ಟಿ ಬೆಲ್ಟಿನ ಗಾಡಿಗಳಲ್ಲಿ

ಹೊಸ ಥಾರ್‌ನಂಥವುಗಳಲ್ಲಿ ಅಗಲವಾದ, ಉದ್ದುದ್ದ ಗೀರುಗಳಿರುವ ಪಟ್ಟಿ ಬೆಲ್ಟು ಹಾವಿನಂತೆ ಹಲವು ಪುಲ್ಲಿಗಳ ನಡುವೆ ಹೋಗುತ್ತದೆ. ಇಲ್ಲಿ ಬಿಗಿ ಮಾಡುವ ಕೆಲಸ ಸ್ಪ್ರಿಂಗಿನ ಟೆನ್ಷನರಿನದು. ಬೆಲ್ಟು ಹೋಗುವ ದಾರಿಯ ಫೋಟೋವನ್ನು ಅದು ಸರಿಯಿರುವಾಗಲೇ, ಅಂದರೆ ಇವತ್ತೇ, ತೆಗೆದಿಟ್ಟುಕೊಳ್ಳಿ. ತುಂಡಾದ ಮೇಲೆ ಆ ದಾರಿ ಊಹಿಸುವುದು ಕಷ್ಟ.

ಟೆನ್ಷನರಿನ ಬೋಲ್ಟಿಗೆ ಉದ್ದ ಹಿಡಿಯ ರಿಂಗ್ ಸ್ಪ್ಯಾನರು ಹಾಕಿ ಸ್ಪ್ರಿಂಗಿನ ವಿರುದ್ಧ ತಿರುಗಿಸಿ ಹಿಡಿಯಬೇಕು. ಕೆಲವದರಲ್ಲಿ ಪಿನ್ನು ತೂರಿಸಿ ನಿಲ್ಲಿಸುವ ತೂತು ಇರುತ್ತದೆ. ಗೀರಿನ ಮೈ ಗೀರಿನ ಪುಲ್ಲಿಗೆ, ನುಣುಪು ಬೆನ್ನು ನುಣುಪು ಪುಲ್ಲಿಗೆ. ಗೀರಿಲ್ಲದ, ಕೈಗೆ ಸಿಗುವ ಒಂದು ಪುಲ್ಲಿಯನ್ನು ಕೊನೆಗೆ ಬಿಟ್ಟುಕೊಂಡರೆ ಹಾಕುವುದು ಸುಲಭ. ಟೆನ್ಷನರನ್ನು ನಿಧಾನ ಬಿಡಿ, ಟಕ್ಕೆಂದು ಬಿಡಬೇಡಿ. ಆಮೇಲೆ ಪ್ರತಿ ಪುಲ್ಲಿಯ ಅಂಚನ್ನು ಟಾರ್ಚಿನಲ್ಲಿ ನೋಡಿ, ಸಾಧ್ಯವಿದ್ದಲ್ಲಿ ಬೆರಳಿನಲ್ಲಿ ಮುಟ್ಟಿ. ಒಂದು ಗೀರು ಆಚೆ ಕೂತಿದ್ದರೂ ಕೆಲವೇ ಹೊತ್ತಿನಲ್ಲಿ ಬೆಲ್ಟು ಸೀಳಿಹೋಗುತ್ತದೆ. ಇಂಥ ಬೆಲ್ಟುಗಳ ಈಗಿನ ರಬ್ಬರು ಹಳೆಯವಂತೆ ಬಿರುಕು ಬಿಟ್ಟು ಮುನ್ಸೂಚನೆ ಕೊಡುವುದು ಕಡಿಮೆ, ಟಯರಿನ ಹಾಗೆ ನಿಧಾನವಾಗಿ ಸವೆಯುತ್ತದೆ. ಗೀರಿನ ಆಳ ನೋಡಿಯೇ ತೀರ್ಮಾನಿಸಬೇಕು.

ಹೊಸ ಬೆಲ್ಟು ಕೈಯಲ್ಲಿಲ್ಲದಿದ್ದರೆ

ಪೇಟೆ ದೂರ, ಜೀಪಿನ ಬೆಲ್ಟು ಸಿಗುವುದಿಲ್ಲ, ಆದರೆ ಪಂಪ್‌ಸೆಟ್ಟಿನ ಸಾಮಾನು ಮಾರುವ ಅಂಗಡಿ ಇದೆ ಎಂದಾದರೆ 'ಎ' ಸೆಕ್ಷನಿನ ವಿ ಬೆಲ್ಟು ತಾತ್ಕಾಲಿಕಕ್ಕೆ ಆಗುತ್ತದೆ. ಅದರ ಮೇಲಿನ ಅಗಲವೂ 13 ಮಿಲಿಮೀಟರು. ಆದರೆ ಅದರ ನಂಬರು ಒಳಸುತ್ತಿನ ಇಂಚಿನಲ್ಲಿ. ಎ39 ಎಂದರೆ ಒಳಸುತ್ತು 39 ಇಂಚು, ಹೊರಸುತ್ತು ಅದಕ್ಕಿಂತ ಸುಮಾರು 2 ಇಂಚು ಹೆಚ್ಚು, ಅಂದರೆ 1040 ಮಿಲಿಮೀಟರಿನ ಆಸುಪಾಸು. ಎಂಜಿನ್ನಿನ ಬಿಸಿಗೆಂದು ಮಾಡಿದ್ದಲ್ಲವಾದ್ದರಿಂದ ಮನೆಗೆ ಬಂದ ಮೇಲೆ ಬದಲಿಸಿ. ಹಿಟ್ಟಿನ ಗಿರಣಿಯ ದಪ್ಪ 'ಬಿ' ಬೆಲ್ಟು 17 ಮಿಲಿಮೀಟರು, ಅದು ಕೂರುವುದಿಲ್ಲ.

ನೈಲಾನ್ ಹಗ್ಗ ಸುತ್ತಿ ಹೋದವರೂ ಇದ್ದಾರೆ. ಬೇರೆ ದಾರಿಯೇ ಇಲ್ಲದಿದ್ದರೆ ಕ್ರ್ಯಾಂಕ್ ಪುಲ್ಲಿಗೂ ಪಂಪಿಗೂ ಮಾತ್ರ ಬಿಗಿಯಾಗಿ ಎರಡು ಸುತ್ತು, ಗಂಟು ಚಿಕ್ಕದು, ತುದಿ ಕತ್ತರಿಸಿ, ಎಕ್ಸಿಲೇಟರು ಕೊಡದೆ ನಿಧಾನ. ಆಗಲೂ ಆಲ್ಟರ್ನೇಟರು ತಿರುಗುವುದಿಲ್ಲ, ಬ್ರೇಕು ಗಟ್ಟಿಯಾಗಿಯೇ ಇರುತ್ತದೆ ಎಂಬುದು ನೆನಪಿರಲಿ. ಹಗ್ಗ ಬಿಚ್ಚಿದರೆ ಫ್ಯಾನಿಗೆ ಸುತ್ತಿಕೊಳ್ಳುತ್ತದೆ. ಗಾಡಿಯಲ್ಲಿ ಮಕ್ಕಳು, ರೋಗಿಗಳು ಇರುವಾಗ ನಾನು ಇದನ್ನು ಮಾಡುವುದಿಲ್ಲ. ಪಟ್ಟಿ ಬೆಲ್ಟಿನ ಗಾಡಿಗೆ ಇದು ಆಗುವುದೂ ಇಲ್ಲ.

ಏಸಿಯ ಅಥವಾ ಪವರ್ ಸ್ಟಿಯರಿಂಗಿನ ಪ್ರತ್ಯೇಕ ಬೆಲ್ಟು ಮಾತ್ರ ಹೋಗಿದ್ದರೆ ಚೂರುಗಳನ್ನು ತೆಗೆದು ಬಿಸಾಡಿ ಗಾಡಿ ಓಡಿಸಬಹುದು. ಸ್ಟಿಯರಿಂಗ್ ಮಾತ್ರ ತುಂಬ ಭಾರ.

ಸ್ಟಾರ್ಟು ಮಾಡಿದ ಮೇಲೆ

ರೇಡಿಯೇಟರಿನ ನೀರು ನೋಡಿ ತುಂಬಿಸಿ, ಸ್ಪ್ಯಾನರುಗಳನ್ನು ಎಣಿಸಿ ತೆಗೆದಿಡಿ, ಬ್ಯಾಟರಿ ಜೋಡಿಸಿ, ಸ್ಟಾರ್ಟು ಮಾಡಿ. ಬೆಲ್ಟಿನ ನೇರಕ್ಕೆ ನಿಲ್ಲಬೇಡಿ, ಬದಿಯಿಂದ ನೋಡಿ. ಕೆಂಪು ದೀಪ ಆರಬೇಕು. ಮೀಟರಿದ್ದರೆ ಬ್ಯಾಟರಿಯಲ್ಲಿ 13.8ರಿಂದ 14.4 ವೋಲ್ಟು ತೋರಿಸಬೇಕು. ಒಂದೆರಡು ನಿಮಿಷದ ಮೇಲೆ ಬ್ರೇಕ್ ಪೆಡಲು ಒತ್ತಿ, ಮೊದಲಿನಂತೆ ಮೆತ್ತಗಾಗಿದೆಯೇ ನೋಡಿಕೊಂಡೇ ಹೊರಡಿ.

ಚಿಕ್ ಚಿಕ್ ಸದ್ದು ಬಂದರೆ ಓಡುತ್ತಿರುವ ಬೆಲ್ಟಿಗೆ ದೂರದಿಂದ ಸ್ವಲ್ಪ ನೀರು ಚಿಮುಕಿಸಿ. ಸದ್ದು ಕ್ಷಣ ನಿಂತು ಮತ್ತೆ ಬಂದರೆ ಪುಲ್ಲಿ ನೇರದಲ್ಲಿಲ್ಲ. ನೀರು ಬಿದ್ದಾಗ ಹೆಚ್ಚಾದರೆ ಎಳೆತ ಸಾಲದು.

ಹೊಸ ವಿ ಬೆಲ್ಟು ಮೊದಲ ಓಟದಲ್ಲೇ ಕಾಲುವೆಯಲ್ಲಿ ಕೂತು ಸ್ವಲ್ಪ ಸಡಿಲವಾಗುತ್ತದೆ. 15–20 ನಿಮಿಷ ಓಡಿದ ಮೇಲೆ ಎಂಜಿನ್ ಬಂದ್ ಮಾಡಿ, ತಣಿಸಿ, ಮತ್ತೆ ಹೆಬ್ಬೆರಳಿನಿಂದ ನೋಡಿ ಬಿಗಿ ಮಾಡಿ. 500 ಕಿಲೋಮೀಟರಿನ ಹೊತ್ತಿಗೆ ಇನ್ನೊಮ್ಮೆ. ಆಮೇಲೆ ಮಳೆ ಹಿಡಿಯುವ ಮೊದಲು ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ.

ಸ್ಪೇರ್ ಬೆಲ್ಟನ್ನು ಮೊಳೆಗೆ ನೇತು ಹಾಕಬೇಡಿ, ಮಡಚಿ ಹಗ್ಗ ಬಿಗಿಯಬೇಡಿ. ಸಡಿಲವಾಗಿ ಸುತ್ತಿ, ಬಟ್ಟೆಯ ಚೀಲದಲ್ಲಿ, ಡೀಸೆಲ್ ಡಬ್ಬಿಯಿಂದ ದೂರ, ಸೀಟಿನ ಅಡಿಯಲ್ಲಿ ಇಡಿ. ಅದೇ ಚೀಲದಲ್ಲಿ ಆಲ್ಟರ್ನೇಟರಿನ ಆ ಎರಡು ಬೋಲ್ಟಿಗೆ ಸರಿಹೋಗುವ ಸ್ಪ್ಯಾನರುಗಳು, ಒಂದು ಮೊಳದಷ್ಟು ರೀಪು, ಒಂದು ಟಾರ್ಚು.